ಹೇರ್ ಸ್ಪ್ರಿಂಗ್ ಬೆಂಚು ಮತ್ತು ನಲವತ್ತರ ಮಾತ್ರೆ

ಕರೆಂಟಿನ ಮೀಟರಿನಲ್ಲಿ ಮುಳ್ಳು ಮುಂದಕ್ಕೆ ಹೋಗುತ್ತದಲ್ಲ, ಅದನ್ನು ಮತ್ತೆ ಸೊನ್ನೆಗೆ ಎಳೆದು ತರುವುದು ಒಂದು ಪುಟ್ಟ ಸ್ಪ್ರಿಂಗ್. ನಾವು ಅದಕ್ಕೆ ಹೇರ್ ಸ್ಪ್ರಿಂಗ್ ಅನ್ನುತ್ತಿದ್ದೆವು. ಕಡಲೆಕಾಳಿನಷ್ಟು ಅಗಲ, ಜಿಲೇಬಿಯ ಹಾಗೆ ಸುತ್ತು, ತಂತಿ ಮಾತ್ರ ಕೂದಲಿನಷ್ಟು ಸಣ್ಣ. ಎಂಬತ್ತರ ದಶಕದ ನಡುವಿನಲ್ಲಿ, ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿ ದಿನಕ್ಕೆ ನಲವತ್ತು ಹೇರ್ ಸ್ಪ್ರಿಂಗ್ ಕೂರಿಸುವುದು ನನ್ನ ಕೆಲಸವಾಗಿತ್ತು.

ಕೆಲಸ ನೋಡಲು ಸುಲಭ. ಬಲಗಣ್ಣಿಗೆ ಐಗ್ಲಾಸ್ ಕಚ್ಚಿಸಿಕೊಳ್ಳಬೇಕು. ಅದು ಗಡಿಯಾರ ರಿಪೇರಿಯವರು ಇಟ್ಟುಕೊಳ್ಳುವಂಥ ಭೂತಗನ್ನಡಿ. ಚಿಮಟದಿಂದ ಸ್ಪ್ರಿಂಗಿನ ಹೊರತುದಿಯನ್ನು ಹಿಡಿದು, ತಂತಿ ಸುತ್ತಿದ ಕಾಯಿಲಿನ ನಡುವೆ ಎದ್ದು ನಿಂತ ಸೂಜಿಮೊನೆಯಂಥ ಕಡ್ಡಿಗೆ ತೊಡಿಸಬೇಕು. ಒಳತುದಿಗೆ ಒಂದು ಚುಕ್ಕಿ ಸಾಲ್ಡರ್ ಬೆಸುಗೆ, ಹೊರತುದಿಗೆ ಇನ್ನೊಂದು. ಸುತ್ತುಗಳು ಒಂದಕ್ಕೊಂದು ತಾಗಬಾರದು. ತಾಗಿದರೆ, ಬಾಗಿದರೆ, ಆ ಸ್ಪ್ರಿಂಗ್ ಮತ್ತೆ ಸರಿಹೋಗುವುದಿಲ್ಲ. ಉಸಿರು ಬಿಟ್ಟರೂ ಹಾರಿಹೋಗುತ್ತದೆ ಎಂದು ಉಸಿರು ಹಿಡಿದೇ ಕೂರಿಸುತ್ತಿದ್ದೆವು.

ಉಸಿರನ್ನು ಹಿಡಿಯಬಹುದು, ಎದೆಬಡಿತವನ್ನು ಹಿಡಿಯಲು ಆಗುವುದಿಲ್ಲ. ಐಗ್ಲಾಸಿನಲ್ಲಿ ನೋಡಿದರೆ ಚಿಮಟದ ತುದಿ ಪ್ರತಿ ಬಡಿತಕ್ಕೂ ಒಂದು ಸಲ ಅಲುಗುವುದು ಕಾಣುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದು ಇಷ್ಟೇ: "ಒಂದು ಏಟು ಹೋಗಲಿ ಬಿಡು. ಇನ್ನೊಂದು ಬರೋದ್ರೊಳಗೆ ಕೂರಿಸಿಬಿಡು." ಮೂರು ವರ್ಷ ನಾನು ಹಾಗೇ ಮಾಡಿಕೊಂಡು ಬಂದೆ. ಆ ಸಂದು ಎಷ್ಟು ಹೊತ್ತಿನದು ಎಂದು ನನ್ನ ಬೆರಳಿಗೆ ಗೊತ್ತಿತ್ತು.

ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಸಂದು ಸಿಗದಂತಾಯಿತು.

ಮೊದಲು ಐಗ್ಲಾಸ್ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಸ್ಟೂಲು ಅಲ್ಲಾಡುತ್ತಿದೆ ಎಂದು ಅದರ ಕಾಲಿಗೆ ರಟ್ಟು ಕೊಟ್ಟೆ. ಚಿಮಟದ ತುದಿ ಮಾತ್ರ ಹೊಲಿಗೆ ಯಂತ್ರದ ಸೂಜಿಯ ಹಾಗೆ ಒಂದೇ ಸಮನೆ ಅದುರುತ್ತಿತ್ತು. ಒಂದೇ ದಿನ ಒಂಬತ್ತು ಸ್ಪ್ರಿಂಗ್ ಹಾಳು. ಹೊರಗೆ ಜಿಟಿಜಿಟಿ ಮಳೆ, ಪಕ್ಕದವರೆಲ್ಲ ಸೆರಗು ಹೊದ್ದು ಕೂತಿದ್ದರೆ ನನಗೆ ಬೆನ್ನೆಲ್ಲ ಬೆವರು. ಎರಡಾಳಿನ ಊಟ ಮಾಡುತ್ತಿದ್ದೆ, ಆದರೂ ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಮಗಳು ಸ್ಲೇಟು ಬೀಳಿಸಿದ್ದಕ್ಕೆ ಕಿರುಚಾಡಿ, ಆಮೇಲೆ ಬಚ್ಚಲಿನಲ್ಲಿ ಕೂತು ಅತ್ತಿದ್ದೆ. ಕ್ಯಾಂಟೀನಿನಲ್ಲಿ ಹೆಂಗಸರು, "ಏನ್ರೀ, ವಿಶೇಷಾನಾ?" ಎಂದು ನಗುತ್ತಿದ್ದರು.

ಹಾಳಾದ ಸ್ಪ್ರಿಂಗುಗಳನ್ನು ಬೆಂಚಿನ ಮೇಲಿನ ತಗಡಿನ ಮುಚ್ಚಳದಲ್ಲಿ ಹಾಕಬೇಕು, ಸಂಜೆ ಸೂಪರ್‌ವೈಸರ್ ಎಣಿಸಿ ಬರೆದುಕೊಳ್ಳುತ್ತಾರೆ. ದಿನಕ್ಕೆ ಐದಕ್ಕಿಂತ ಹೆಚ್ಚಾದರೆ ಕರೆದು ಕೇಳುತ್ತಾರೆ. ಒಂದು ವಾರ ಹಾಗೇ ಆದರೆ ಆ ಬೆಂಚು ನಮ್ಮದಲ್ಲ. ನಾನು ಟೆಂಪರರಿ. ಜನವರಿಯಲ್ಲಿ ನಾಲ್ಕು ಜನರನ್ನು ಪರ್ಮನೆಂಟ್ ಮಾಡುತ್ತಾರೆ, ಅದರಲ್ಲಿ ನನ್ನ ಹೆಸರಿದೆ ಎಂದು ಸೂಪರ್‌ವೈಸರೇ ಹೇಳಿದ್ದರು. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಮಿಲ್ಲಿಗೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ಮನೆಯಲ್ಲಿ ದುಡಿಯುವ ಕೈ ಎಂದರೆ ನಡುಗುತ್ತಿದ್ದ ಈ ಕೈಯೇ.

ಆ ಸಂಜೆ ಮುಚ್ಚಳದಲ್ಲಿ ಐದನ್ನು ಬಿಟ್ಟು ನಾಲ್ಕನ್ನು ಕರ್ಚೀಫಿನಲ್ಲಿ ಸುತ್ತಿ, ಊಟದ ಡಬ್ಬಿಯೊಳಗೆ ಇಟ್ಟುಕೊಂಡೆ. ಸ್ಪ್ರಿಂಗುಗಳು ಹೊರದೇಶದಿಂದ ಬರುತ್ತಿದ್ದವು, ನೂರರ ಪೊಟ್ಟಣದಲ್ಲಿ. ನನಗೂ ಪಕ್ಕದ ಬೆಂಚಿನವಳಿಗೂ ನಡುವೆ ಒಂದೇ ಡ್ರಾಯರು. ಇಬ್ಬರೂ ಅದರಿಂದಲೇ ತೆಗೆದುಕೊಳ್ಳುತ್ತಿದ್ದೆವು. ಒಟ್ಟು ಲೆಕ್ಕ ನೋಡುವುದು ದೊಡ್ಡ ಆರ್ಡರ್ ಮುಗಿದಾಗ ಮಾತ್ರ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಗೆ ಹೋಗಿ ಅವನ್ನು ಖಾಲಿ ಪೌಡರ್ ಡಬ್ಬದಲ್ಲಿ ಹಾಕಿ, ಟ್ರಂಕಿನಡಿ ಇಟ್ಟೆ. ಒಂದು ದಿನದ ಮಟ್ಟಿಗೆ ಅಂದುಕೊಂಡಿದ್ದೆ. ಹದಿನೈದು ದಿನ ಹಾಗೇ ನಡೆಯಿತು.

ಪಕ್ಕದ ಬೆಂಚಿನವಳನ್ನು ಎಲ್ಲರೂ ಬ್ಯಾಡರಹಳ್ಳಿಯವಳು ಎಂದೇ ಕರೆಯುತ್ತಿದ್ದರು. ಇಪ್ಪತ್ತನಾಲ್ಕು ವರ್ಷ, ಹೊಲ ಇದ್ದವರ ಮನೆಯವಳು, ಮಾಗಡಿ ರೋಡಿನ ಬಸ್ಸು ಹಿಡಿದು ಬರುತ್ತಿದ್ದಳು. ಕೆಲಸ ಕಲಿತು ಒಂದು ವರ್ಷ. ನನ್ನನ್ನು ಅಕ್ಕ ಅನ್ನುತ್ತಿದ್ದಳು.

ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ಯಜಮಾನರು. ಕಾಫಿ ಲೋಟ ನನ್ನ ಕೈಯಲ್ಲಿ ತುಳುಕುವುದನ್ನು ಅವರು ನೋಡಿದ್ದರು. ರಾಜಾಜಿನಗರದಲ್ಲೇ ಒಬ್ಬರು ಲೇಡಿ ಡಾಕ್ಟರ್, ಐವತ್ತರ ಸುಮಾರಿನವರು, ಮಾತು ಕಡಿಮೆ. ನನ್ನ ಕಣ್ಣು ನೋಡಿದರು, ಕುತ್ತಿಗೆ ಮುಟ್ಟಿ ನೋಡಿ, ನೀರು ನುಂಗಿಸಿದರು. ಆಮೇಲೆ, "ಎರಡೂ ಕೈ ಮುಂದೆ ಚಾಚಿ. ಬೆರಳು ಅಗಲ ಮಾಡಿ," ಎಂದು ಒಂದು ಬಿಳಿ ಹಾಳೆಯನ್ನು ಬೆರಳುಗಳ ಮೇಲೆ ಇಟ್ಟರು. ಫ್ಯಾನ್ ಓಡುತ್ತಿರಲಿಲ್ಲ. ಹಾಳೆ ಪಟಪಟ ಅಂತ ಅದುರಿತು. ನಾಡಿ ಹಿಡಿದು ಗಡಿಯಾರ ನೋಡಿದರು.

"ನೂರ ಮೂವತ್ತೆರಡು. ಕೂತ್ಕೊಂಡಿದ್ದಾಗ್ಲೇ ಇಷ್ಟು. ಎಷ್ಟು ದಿನದಿಂದ ಹೀಗೆ ಓಡ್ತಾ ಇದೀರಮ್ಮ ನೀವು?"

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಜಾಸ್ತಿ ಕೆಲಸ ಮಾಡುತ್ತಿದೆ, ಅದರಿಂದಲೇ ಬೆವರು, ನಡುಕ, ಸಿಟ್ಟು ಎಲ್ಲ ಎಂದರು. ರಕ್ತ ಬೇರೆ ಕಡೆಗೆ ಕಳಿಸಿದರು. ಎರಡು ಬಗೆಯ ಮಾತ್ರೆ ಬರೆದರು. ಒಂದು ಗ್ರಂಥಿಯನ್ನು ಹತೋಟಿಗೆ ತರುವುದು; ಅದರ ಗುಣ ತಿಳಿಯಲು ವಾರಗಟ್ಟಲೆ ಬೇಕು. ಇನ್ನೊಂದು ಪ್ರೊಪ್ರನೊಲಾಲ್, ನಲವತ್ತು ಮಿಲಿಗ್ರಾಂ, ದಿನಕ್ಕೆ ಮೂರು.

"ಇದು ಕಾಯಿಲೆ ವಾಸಿ ಮಾಡಲ್ಲ. ಕುದುರೆ ತಾನಾಗಿ ಸುಸ್ತಾಗೋ ತನಕ ಲಗಾಮು ಹಿಡ್ಕೊಂಡಿರುತ್ತೆ ಅಷ್ಟೇ. ಎದೆ ನಿಧಾನ ಆಗುತ್ತೆ, ಕೈ ನಡುಕ ನಿಲ್ಲುತ್ತೆ. ನಿಮಗೆ ಉಬ್ಬಸ ಏನಾದ್ರೂ ಇದ್ಯಾ?"

ಇಲ್ಲ ಎಂದೆ. ಅವರು ಯಜಮಾನರ ಕಡೆ ತಿರುಗಿ, ಮಣಿಕಟ್ಟಿನಲ್ಲಿ ನಾಡಿ ಎಲ್ಲಿ ಸಿಗುತ್ತದೆ ಎಂದು ತೋರಿಸಿಕೊಟ್ಟರು. "ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳೋ ಮುಂಚೆ ಒಂದು ನಿಮಿಷ ಎಣಿಸಿ. ಐವತ್ತೈದಕ್ಕಿಂತ ಕೆಳಗೆ ಬಂದ್ರೆ ನನ್ ಹತ್ರ ಬರಬೇಕು. ನೀವೇ ಜಾಸ್ತಿ ಮಾಡೋ ಹಾಗಿಲ್ಲ, ನೀವೇ ನಿಲ್ಲಿಸೋ ಹಾಗಿಲ್ಲ. ಮೂರು ವಾರಕ್ಕೆ ಬನ್ನಿ. ಗ್ರಂಥಿ ಇಳೀತಾ ಹೋದ ಹಾಗೆ ಇದನ್ನ ಕಡಿಮೆ ಮಾಡಬೇಕಾಗುತ್ತೆ."

ಮೂರನೇ ದಿನ ಬೆಂಚಿನ ಮುಂದೆ ಕೂತು ಐಗ್ಲಾಸ್ ಹಾಕಿಕೊಂಡಾಗ ಚಿಮಟದ ತುದಿ ನಿಂತಿತ್ತು. ಒಂದು ಏಟು ಬಂತು. ಕಾದೆ. ಇನ್ನೊಂದು ಬರಲು ಎಷ್ಟೋ ಹೊತ್ತಾಯಿತು. ನನ್ನ ಒಳ್ಳೆಯ ದಿನಗಳಲ್ಲೂ ಅಷ್ಟು ಬಿಡುವು ನನಗೆ ಸಿಕ್ಕಿರಲಿಲ್ಲ. ಆ ದಿನ ನಲವತ್ತೆರಡು ಕೂರಿಸಿದೆ, ಒಂದೇ ಒಂದು ಹಾಳು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಆ ಮಾತ್ರೆಯ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡೆ. ಟ್ರಂಕಿನಡಿಯ ಡಬ್ಬದ ವಿಷಯ ಹೇಗೋ ಸರಿಹೋಗುತ್ತದೆ ಎಂದೂ ಅನ್ನಿಸಿತು.

ನವೆಂಬರಿನಲ್ಲಿ ರೈಲ್ವೆ ಸಿಗ್ನಲ್ಲಿಗೆ ಹಾಕುವ ಮೀಟರುಗಳ ದೊಡ್ಡ ಆರ್ಡರ್ ಬಂತು. ಸೂಪರ್‌ವೈಸರ್ ನಮ್ಮಿಬ್ಬರ ಬೆಂಚಿನ ಮುಂದೆ ನಿಂತು, "ನೋಡ್ರಮ್ಮ, ದಿನಕ್ಕೆ ಒಬ್ಬೊಬ್ರಿಂದ ಅರವತ್ತು ಬೇಕು. ಒಂದು ತಿಂಗಳು ಹಲ್ಲು ಕಚ್ಕೊಂಡು ಮಾಡಿಬಿಡಿ. ಒಂದು ದಿನಾನೂ ರಜ ಕೇಳ್ಬೇಡಿ," ಎಂದರು. ಅವರು ಕೆಟ್ಟವರಲ್ಲ. ಮಾಲೀಕರು ಅವರ ಕುತ್ತಿಗೆಯ ಮೇಲೆ ಕೂತಿದ್ದರು, ಅವರು ನಮ್ಮ ಕುತ್ತಿಗೆಯ ಮೇಲೆ.

ಡಾಕ್ಟರು ಹೇಳಿದ ಮೂರು ವಾರ ಆ ಹೊತ್ತಿಗೇ ಬಂತು. ಕ್ಲಿನಿಕ್ಕಿನಲ್ಲಿ ಕಾಯಬೇಕು, ಅರ್ಧ ದಿನ ಹೋಗುತ್ತದೆ. ಆಮೇಲೆ ಹೋದರಾಯಿತು ಎಂದು ಬಿಟ್ಟೆ.

ಅರವತ್ತು ಎಂದರೆ ಮಧ್ಯಾಹ್ನದ ಊಟವಾದ ಮೇಲೂ ಕೈ ಬೆಳಗಿನ ಹಾಗೇ ಇರಬೇಕು. ನನ್ನ ಕೈ ನಾಲ್ಕು ಗಂಟೆಯ ಹೊತ್ತಿಗೆ ಚೂರು ಸಡಿಲವಾಗುತ್ತಿತ್ತು. ನಡುಕವಲ್ಲ, ನಡುಕದ ನೆನಪಿನ ಹಾಗೆ ಏನೋ. ಒಂದು ದಿನ ಮೂರು ಗಂಟೆಯ ಟೀಯ ಜೊತೆ ಇನ್ನೊಂದು ಮಾತ್ರೆ ನುಂಗಿದೆ. ಕೆಲಸ ನಡೆಯಿತು. ಮರುದಿನವೂ ನುಂಗಿದೆ. ಆಮೇಲೆ ಅದೇ ರೂಢಿಯಾಯಿತು. ಮೂರಿದ್ದದ್ದು ನಾಲ್ಕಾಯಿತು, ಹೆಚ್ಚು ಕೆಲಸವಿದ್ದ ದಿನ ಐದು. ಮೆಡಿಕಲ್ ಸ್ಟೋರಿನವನು ಹಳೆಯ ಚೀಟಿ ನೋಡಿ ಕೊಡುತ್ತಿದ್ದ. ಬೆಳಗಿನ ನಾಡಿ ಎಣಿಕೆ ಎಪ್ಪತ್ತರಿಂದ ಅರವತ್ತಕ್ಕೆ ಇಳಿಯಿತು, ಐವತ್ತೆಂಟಕ್ಕೆ ಇಳಿಯಿತು. "ಇವತ್ತು ಎಷ್ಟು ಬಂತು ಕಣೇ?" ಎಂದು ಯಜಮಾನರು ಕೇಳಿದರೆ, "ಅರವತ್ತೈದು ರೀ, ನಾನೇ ಎಣಿಸ್ಕೊಂಡೆ," ಎಂದು ಎದ್ದುಬಿಡುತ್ತಿದ್ದೆ. ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಗೋಡೆ ಹಿಡಿದು ನಿಲ್ಲುವುದನ್ನು ಕಲಿತೆ.

ಡಿಸೆಂಬರಿನ ಚಳಿಯ ಜೊತೆ ಇನ್ನೊಂದು ಶುರುವಾಯಿತು. ಬಸವೇಶ್ವರನಗರದ ನಮ್ಮ ವಠಾರದಿಂದ ಕಾರ್ಖಾನೆಗೆ ಇಪ್ಪತ್ತು ನಿಮಿಷ ನಡೆಯುತ್ತಿದ್ದವಳು ನಾನು. ಈಗ ಆ ಏರಿನಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಹಸಿ ಜೇಡಿಮಣ್ಣು ಮೆತ್ತಿದ ಹಾಗೆ ಕಾಲು ಭಾರ. ಸಂಜೆ ಅನ್ನಕ್ಕೆ ನೀರಿಟ್ಟು ಅಲ್ಲೇ ತೂಕಡಿಸುತ್ತಿದ್ದೆ. ನಿದ್ದೆಯಲ್ಲಿ ಎಂಥೆಂಥದೋ ಕನಸು; ಬಾಯಿತುಂಬ ಸ್ಪ್ರಿಂಗು, ಉಗಿದಷ್ಟೂ ಬರುತ್ತಿತ್ತು. ಒಂದು ಸಂಜೆ ಟೋಲ್‌ಗೇಟಿನ ಹತ್ತಿರ ಮಗಳ ಕೈ ಹಿಡಿದು ರಸ್ತೆ ದಾಟುವಾಗ ಒಂದು ಲಾರಿ ಕಿರ್ರೆಂದು ಬ್ರೇಕ್ ಹಾಕಿ ನಮ್ಮಿಂದ ಒಂದು ಮಾರು ದೂರದಲ್ಲಿ ನಿಂತಿತು. ಸುತ್ತಲಿದ್ದವರು ಕೂಗಿಕೊಂಡರು, ಮಗಳು ನನ್ನ ಸೊಂಟ ತಬ್ಬಿಕೊಂಡು ಅಳತೊಡಗಿದಳು. ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆ. ಅದು ಏನೂ ಆಗದವರ ಹಾಗೆ ತನ್ನ ಪಾಡಿಗೆ ನಿಧಾನವಾಗಿ ಬಡಿಯುತ್ತಿತ್ತು. ಮಗು ಸಾಯುವುದರಲ್ಲಿತ್ತು ಎಂಬ ಸುದ್ದಿ ನನ್ನ ಮೈಗೆ ತಲುಪಿರಲೇ ಇಲ್ಲ. ಲಾರಿಗಿಂತ ಹೆಚ್ಚು ನನಗೆ ಅದಕ್ಕೇ ಭಯವಾಯಿತು.

ಇಷ್ಟೆಲ್ಲ ತಡೆದುಕೊಂಡದ್ದು ಕೈಗೋಸ್ಕರ. ಕೊನೆಗೆ ಕೈಯೇ ಕೈಕೊಟ್ಟಿತು. ಬೆಳಿಗ್ಗೆ ಬಂದು ಕೂತರೆ ಬೆರಳ ತುದಿಗಳು ಬೆಳ್ಳಗೆ, ಐಸಿನ ಹಾಗೆ ತಣ್ಣಗೆ. ನಡುಕ ಒಂದಿಷ್ಟೂ ಇಲ್ಲ, ಆದರೆ ಚಿಮಟವನ್ನು ಎಷ್ಟು ಒತ್ತಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ. ಹೇರ್ ಸ್ಪ್ರಿಂಗನ್ನು ಹಿಡಿಯುವುದು ಕಣ್ಣಿನಿಂದಲ್ಲ, ಬೆರಳಿನಿಂದ. ಎಷ್ಟು ಒತ್ತಿದರೆ ಹಿಡಿತ, ಎಷ್ಟು ಒತ್ತಿದರೆ ನುಗ್ಗು ಎಂದು ಚರ್ಮಕ್ಕೇ ಗೊತ್ತಿರಬೇಕು. ಒಂದಾದ ಮೇಲೊಂದು ನುಗ್ಗಾದವು. ಕರ್ಚೀಫು ಮತ್ತೆ ಊಟದ ಡಬ್ಬಿಗೆ ಬಂತು.

ಟೀ ಲೋಟ ಹಿಡಿದು ಕೈ ಕಾಯಿಸಿಕೊಂಡೆ. ಕಂಕುಳಲ್ಲಿ ಇಟ್ಟುಕೊಂಡೆ. ಸಾಲ್ಡರಿಂಗ್ ಐರನ್ನಿನ ಹತ್ತಿರ ಬೆರಳು ಹಿಡಿದು ಕೂತೆ. ಒಂದು ಶನಿವಾರ ಹಾಗೆ ಕೂತಿದ್ದಾಗ ಸುಟ್ಟ ವಾಸನೆ ಬಂತು. ಬ್ಯಾಡರಹಳ್ಳಿಯವಳು ನನ್ನ ಕೈಯನ್ನು ಸರಕ್ಕನೆ ಎಳೆದಳು. "ಅಕ್ಕ! ಬೆರಳು ಐರನ್ ಮೇಲೇ ಐತಲ್ಲ, ಗೊತ್ತಾಗ್ಲಿಲ್ವಾ ನಿಮ್ಗೆ?" ತೋರುಬೆರಳಿನ ಪಕ್ಕ ಬೊಬ್ಬೆ ಎದ್ದಿತ್ತು. ನನಗೆ ಗೊತ್ತಾಗಿರಲಿಲ್ಲ. ಅವಳು ನನ್ನ ಕೈಯನ್ನು ತನ್ನ ಎರಡು ಕೈಗಳ ನಡುವೆ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಏನೋ ಕೇಳುವುದರಲ್ಲಿದ್ದಳು. ನಾನು ಕೈ ಬಿಡಿಸಿಕೊಂಡೆ.

ಆ ಸಂಜೆ ನಾಡಿ ಎಣಿಸಿದಾಗ ಐವತ್ತೆರಡು ಬಂತು. ಎಲ್ಲಕ್ಕೂ ಈ ನಲವತ್ತರ ಮಾತ್ರೆಯೇ ಕಾರಣ ಎಂದು ಹಲ್ಲು ಕಡಿದೆ. ಭಾನುವಾರ ಬೆಳಿಗ್ಗೆಯಿಂದ ನಿಲ್ಲಿಸಿಬಿಟ್ಟೆ. ಪೂರ್ತಿ.

ಸೋಮವಾರ ಬೆರಳಿಗೆ ಬಿಸಿ ಬಂತು. ಮಂಗಳವಾರ ಎಂದಿನಂತೆ ಕೂರಿಸಿದೆ. ವಾಸಿಯಾಗಿದೆ, ಸುಮ್ಮನೆ ಇಷ್ಟು ದಿನ ನುಂಗಿದೆ ಎಂದುಕೊಂಡೆ. ಬುಧವಾರ ಏರು ಹತ್ತುವಾಗ ಎದೆ ಒಮ್ಮೆ ಮಗುಚಿದ ಹಾಗಾಯಿತು. ಗುರುವಾರ ಆರ್ಡರಿನ ಕೊನೆಯ ಪೆಟ್ಟಿಗೆ ತುಂಬಿದರು, ಮತ್ತು ಸೂಪರ್‌ವೈಸರ್ ಲೆಕ್ಕದ ಪುಸ್ತಕ ಹಿಡಿದು ನಮ್ಮ ಡ್ರಾಯರಿನ ಮುಂದೆ ಕೂತರು.

ಮೂರು ಸಲ ಕೂಡಿ ಕಳೆದರು. ಸ್ಪ್ರಿಂಗು ಅರವತ್ತೊಂದು ಕಡಿಮೆ ಬಂತು.

"ಕೂರಿಸಿದ್ದು ಇಷ್ಟು, ಹಾಳಾಗಿದ್ದು ಇಷ್ಟು. ಉಳಿದಿದ್ದು ಎಲ್ಲಮ್ಮ ಹೋಯ್ತು? ಗಾಳೀಲಿ ಹೋಯ್ತಾ?"

ನಾವಿಬ್ಬರೂ ಎದ್ದು ನಿಂತಿದ್ದೆವು. ಅವರು ನನ್ನನ್ನು ನೋಡಲಿಲ್ಲ. ಬ್ಯಾಡರಹಳ್ಳಿಯವಳ ಅಣ್ಣ ಸುಂಕದಕಟ್ಟೆಯಲ್ಲಿ ಮೋಟರು, ಮೀಟರು ರಿಪೇರಿಯ ಅಂಗಡಿ ಇಟ್ಟಿದ್ದ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

"ನಿನ್ ಬ್ಯಾಗ್ ತಗೊಂಬಾಮ್ಮ," ಎಂದರು ಅವಳಿಗೆ.

"ಯಾಕ್ ಸಾರ್?"

"ತಗೊಂಬಾ ಅಂದೆ."

ಹದಿನಾರು ಜನ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವಳ ಬ್ಯಾಗನ್ನು ಬೆಂಚಿನ ಮೇಲೆ ಸುರಿದರು. ಬಾಚಣಿಗೆ, ಬಸ್ಸಿನ ಪಾಸು, ಮುದ್ದೆಯ ಡಬ್ಬಿ, ಮುಟ್ಟಿನ ದಿನಕ್ಕೆ ಮಡಿಸಿಟ್ಟ ಬಟ್ಟೆ. ಆ ಬಟ್ಟೆಯನ್ನೂ ಬಿಚ್ಚಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ಬಾಯಿ ಬಿಗಿಹಿಡಿದು ನಿಂತಿದ್ದಳು. ನನ್ನ ಎದೆಯಲ್ಲಿ ಆ ಹೊತ್ತಿಗೆ ಏನೋ ಹಗ್ಗ ಕಿತ್ತುಕೊಂಡು ಓಡತೊಡಗಿತ್ತು. ಕಿವಿಯೊಳಗೆ ಡಬಡಬ ಸದ್ದು, ಗಂಟಲಲ್ಲಿ ಬಡಿತ, ಬೆವರು ರವಿಕೆ ನೆನೆಸಿತು. ಬೆಂಚಿನ ಅಂಚು ಹಿಡಿದುಕೊಂಡರೆ ಅದರ ಮೇಲಿದ್ದ ತಗಡಿನ ಮುಚ್ಚಳ ಟಕಟಕ ಅಂದಿತು. ಹೇಳು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾಲಿಗೆ ಒಣಗಿ ಅಂಟಿಕೊಂಡಿತ್ತು. ಇದು ಕಾಯಿಲೆಯಿಂದ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಕಾಯಿಲೆಯಿಂದ ಆದದ್ದು ಬಡಿತ. ಸುಮ್ಮನಿದ್ದವಳು ನಾನು.

"ಬ್ಯಾಗಲ್ಲಿಲ್ಲ ಅಂದ್ರೆ ಮುಂಚೇನೇ ಸಾಗಿಸಿರ್ತೀಯ. ನಾಳೆಯಿಂದ ಬರೋದು ಬೇಡ, ವಿಚಾರ ಮಾಡಿ ಹೇಳಿ ಕಳಿಸ್ತೀವಿ," ಎಂದರು ಸೂಪರ್‌ವೈಸರ್. ಅವಳು ಸಾಮಾನುಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡು ಹೋದಳು.

ಅವಳು ಹೋದ ಮೇಲೆ ನಾನು ಮೆಟ್ಟಿಲಿನ ಹತ್ತಿರ ಕುಸಿದೆನಂತೆ. ಯಾರೋ ಮನೆಗೆ ಹೇಳಿ ಕಳಿಸಿದರು, ಯಜಮಾನರು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನೂರ ಮೂವತ್ತೆಂಟು. ಡಾಕ್ಟರು ಮಲಗಿಸಿ, ಎದೆಗೆ ಪಟ್ಟಿ ಕಟ್ಟಿ ಇಸಿಜಿ ತೆಗೆದು, ಮಾತ್ರೆ ಕೊಟ್ಟು, ಎರಡು ಗಂಟೆ ನನ್ನನ್ನು ಅಲ್ಲೇ ಇಟ್ಟುಕೊಂಡರು. ನೂರಕ್ಕೆ ಇಳಿದ ಮೇಲೆ ಎಲ್ಲ ಕೇಳಿದರು. ಎಷ್ಟು ನುಂಗಿದೆ, ಯಾವಾಗ ನಿಲ್ಲಿಸಿದೆ ಎಂದು ಹೇಳಿದೆ. ಯಜಮಾನರು ಗೋಡೆ ನೋಡುತ್ತಾ ಕೂತಿದ್ದರು.

"ಆ ಇನ್ನೊಂದು ಮಾತ್ರೆ ಕೆಲಸ ಮಾಡ್ತಾ ಇತ್ತು ಕಣಮ್ಮ. ಗ್ರಂಥಿ ಇಳೀತಾ ಇತ್ತು. ಮೂರು ವಾರಕ್ಕೆ ಬಂದಿದ್ರೆ ನಾನೇ ಇದನ್ನ ಅರ್ಧ ಮಾಡ್ತಿದ್ದೆ. ಕುದುರೆ ನಿಲ್ಲೋ ಹೊತ್ತಿಗೆ ನೀವು ಲಗಾಮು ಇನ್ನೂ ಬಿಗಿದ್ರಿ. ಆಮೇಲೆ ಒಂದೇ ಸಲಕ್ಕೆ ಕೈ ಬಿಟ್ರಿ. ಇಷ್ಟು ದಿನ ಕಟ್ಟಿಹಾಕಿದ ಎದೆ, ಬಿಟ್ಟ ತಕ್ಷಣ ಮೊದಲಿಗಿಂತ ಜಾಸ್ತಿ ಓಡುತ್ತೆ. ಹೀಗೆ ನಿಲ್ಲಿಸಿ ಪ್ರಾಣ ಕಳ್ಕೊಂಡವರಿದ್ದಾರೆ." ಅವರ ದನಿ ಏರಿರಲಿಲ್ಲ. "ಯಾಕೆ ಹೀಗ್ ಮಾಡಿದ್ರಿ?"

ಕೆಲಸಕ್ಕೆ ಎಂದೆ. ಅವರು ದಿನಕ್ಕೆ ಮೂರು ಬಾರಿ ಅರ್ಧ ಮಾತ್ರೆ ಎಂದು ಬರೆದರು, ಎರಡು ವಾರ ಬೆಂಚಿಗೆ ಕೂರುವಂತಿಲ್ಲ ಎಂದರು. ಅದನ್ನು ತೀರ ನಿಧಾನವಾಗಿ, ಕಾಲುಕಾಲು ಇಳಿಸುತ್ತಾ ಮುಂದಿನ ಬೇಸಿಗೆಗೆ ನಿಲ್ಲಿಸಿದರು. ಗ್ರಂಥಿ ಪೂರ್ತಿ ಹತೋಟಿಗೆ ಬರಲು ಒಂದೂವರೆ ವರ್ಷ ಹಿಡಿಯಿತು.

ಮನೆಗೆ ಬಂದ ಮೇಲೆ ಟ್ರಂಕಿನಡಿಯಿಂದ ಪೌಡರ್ ಡಬ್ಬ ತೆಗೆದು ಯಜಮಾನರ ಮುಂದೆ ಇಟ್ಟೆ. ಅವರು ಮುಚ್ಚಳ ತೆಗೆದು ನೋಡಿದರು. ಆ ಹುಡುಗಿಯ ಬ್ಯಾಗಿನ ಕಥೆ ಹೇಳಿದೆ.

"ಮಿಲ್‌ನಲ್ಲಿ ನಮ್ಮನ್ನ ಗೇಟಲ್ಲಿ ನಿಲ್ಲಿಸಿ ಮೈ ತಡವೋರು," ಎಂದರು ಅವರು, ಡಬ್ಬದ ಮುಚ್ಚಳ ಹಾಕುತ್ತಾ. "ಅದು ಮರ್ತುಹೋಗಲ್ಲ ಕಣೇ. ನಾಳೆ ಹೋಗಿ ಕೊಟ್ಬಿಟ್ ಬಾ. ಕೆಲಸ ಹೋದ್ರೆ ಹೋಗ್ಲಿ."

ಶುಕ್ರವಾರ ಸೂಪರ್‌ವೈಸರ ಕ್ಯಾಬಿನ್ನಿಗೆ ಹೋಗಿ ಡಬ್ಬವನ್ನು ಮೇಜಿನ ಮೇಲೆ ಇಟ್ಟೆ. ಕಾಯಿಲೆ, ಮಾತ್ರೆ, ಡಬ್ಬಿ ಎಲ್ಲ ಹೇಳಿದೆ. ಅವರು ಹಾಳೆಯ ಮೇಲೆ ಸುರಿದು, ಪೆನ್ಸಿಲಿನ ತುದಿಯಿಂದ ಒಂದೊಂದೇ ಬಿಡಿಸಿ ಎಣಿಸಿದರು. ಅರವತ್ತೊಂದು ಇದ್ದವು. ಅವರು ಬೈಯುತ್ತಾರೆ ಎಂದು ಕಾದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇದು ಇಲ್ಲೇ ಇರ್ಲಿ. ಲೆಕ್ಕ ಸರಿ ಹೋಯ್ತಲ್ಲ, ಎಲ್ಲೋ ಸಿಕ್ತು ಅಂತ ಬರ್ಕೊಳ್ತೀನಿ. ಆ ಹುಡ್ಗೀಗೂ ಬಾ ಅಂತ ಹೇಳಿ ಕಳಿಸ್ತೀನಿ. ಮಾಲೀಕರಿಗೆ ಗೊತ್ತಾದ್ರೆ ನಿಮ್ದೂ ಹೋಗುತ್ತೆ, ನಂದೂ ಹೋಗುತ್ತೆ. ಲಿಸ್ಟಲ್ಲಿ ನಿಮ್ ಹೆಸರಿದೆ, ಸುಮ್ನೆ ಕೆಲ್ಸ ನೋಡ್ಕೊಳಿ."

ಹೊರಗೆ ಬಂದೆ. ಬೆಂಚುಗಳಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. "ಅಣ್ಣನ ಅಂಗಡಿಗೇ ಸಾಗಿಸಿರ್ತಾಳೆ ಬಿಡ್ರಿ." ನಾನು ಅವರ ನಡುವೆಯೇ ಹಾದು ಮನೆಗೆ ಹೋದೆ.

ಭಾನುವಾರ ಬ್ಯಾಡರಹಳ್ಳಿಗೆ ಒಬ್ಬಳೇ ಹೊರಟೆ. ಆಗ ಮಾಗಡಿ ರೋಡಿನ ಆ ತುದಿಯಲ್ಲಿ ಬಸ್ಸು ಇಳಿದರೆ ರಾಗಿ ಕುಯಿಲು ಮುಗಿದ ಹೊಲಗಳು, ಅಲ್ಲಲ್ಲಿ ಸೈಟಿಗೆ ನೆಟ್ಟ ಕಲ್ಲುಗಳು. ಕೇಳಿಕೊಂಡು ಹೋದೆ. ಅವಳು ಅಂಗಳದಲ್ಲಿ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದಳು; ಬನ್ನಿ ಎನ್ನಲಿಲ್ಲ, ಚಾಪೆ ಮಾತ್ರ ಹಾಸಿದಳು.

ನಿಂತುಕೊಂಡೇ ಎಲ್ಲ ಹೇಳಿದೆ. ಹೇಳುವಾಗ ಕೈ ನಡುಗಲಿಲ್ಲ, ದನಿಯೂ ನಡುಗಲಿಲ್ಲ. ಮಾತ್ರೆ ಮತ್ತೆ ಹಿಡಿದುಕೊಂಡಿತ್ತು. ತಪ್ಪೊಪ್ಪಿಕೊಳ್ಳುವವಳು ಇಷ್ಟು ತಣ್ಣಗೆ ನಿಂತಿದ್ದಾಳೆಂದು ಅವಳಿಗೆ ಅನ್ನಿಸುತ್ತದೇನೋ ಎಂದು ಇನ್ನಷ್ಟು ಕುಗ್ಗಿದೆ.

"ಸಾರ್ ಆಳು ಕಳ್ಸಿದ್ರು," ಎಂದಳು. "ಸ್ಪ್ರಿಂಗ್ ಎಲ್ಲೋ ಸಿಕ್ತಂತೆ, ಬಾ ಅಂದ್ರಂತೆ. ಎಲ್ಲಿ ಸಿಕ್ತು ಅಂತ ಆ ಆಳಿಗೂ ಗೊತ್ತಿಲ್ಲ. ನಮ್ಮಣ್ಣ ಅಂಗ್ಡಿ ಬಾಗ್ಲು ತೆಗ್ದಿಲ್ಲ ಮೂರು ದಿನದಿಂದ."

"ನಾನು ಸಾರ್‌ಗೆ ಎಲ್ಲಾ ಹೇಳಿದೀನಮ್ಮ. ಡಬ್ಬಾನೂ ಕೊಟ್ಟೆ."

"ಎಲ್ಲಿ ಹೇಳಿದ್ರಿ?"

"ಕ್ಯಾಬಿನ್‌ನಲ್ಲಿ."

ಅವಳು ಮೊರವನ್ನು ಕೆಳಗಿಟ್ಟಳು. "ನನ್ ಬ್ಯಾಗು ಕ್ಯಾಬಿನ್‌ನಲ್ಲಿ ಸುರೀಲಿಲ್ಲ ಅಕ್ಕ. ಎಲ್ರ ಮುಂದೆ ಸುರಿದ್ರು." ನೆಲ ನೋಡುತ್ತಾ ಹೇಳಿದಳು: "ನಿಮ್ ಕೈಗೆ ಏನೋ ಆಗೈತೆ ಅಂತ ನಂಗೆ ಗೊತ್ತಿತ್ತು. ಪಕ್ಕದಲ್ಲೇ ಕೂತಿರ್ತಿದ್ನಲ್ಲ. ಒಂದ್ ಮಾತು ಹೇಳಿದ್ರೆ ನಿಮ್ ಪಾಲಿನ ಹತ್ತು ನಾನೇ ಕೂರಿಸಿಬಿಡ್ತಿದ್ದೆ. ಯಾಕ್ ಹೇಳ್ಲಿಲ್ಲ?"

ಅವಳು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಕುಡಿದು ಎದ್ದು ಬಂದೆ. ಬಾಗಿಲವರೆಗೂ ಅವಳು ಬರಲಿಲ್ಲ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಎಲ್ಲರ ಮುಂದೆ ಹೇಳದಿದ್ದರೆ ಜನವರಿಗೆ ಪರ್ಮನೆಂಟ್, ಮಗಳ ಸ್ಕೂಲು, ಮನೆ ಎಲ್ಲ ನಡೆಯುತ್ತದೆ. ಹೇಳಿದರೆ ಇದ್ಯಾವುದೂ ಖಚಿತವಿಲ್ಲ. ಲೆಕ್ಕವನ್ನು ಎಷ್ಟು ಸಲ ಹಾಕಿದರೂ ಒಂದೇ ಉತ್ತರ ಬರುತ್ತಿತ್ತು, ಮತ್ತು ಪ್ರತಿ ಸಲವೂ ಆ ಉತ್ತರದೊಳಗೆ ಒಂದು ಬಾಚಣಿಗೆ, ಬಸ್ಸಿನ ಪಾಸು, ಬಿಚ್ಚಿದ ಬಟ್ಟೆ ಕಾಣುತ್ತಿದ್ದವು.

ಸೋಮವಾರ ರಜದ ಮೇಲಿದ್ದರೂ ಬೆಳಗಿನ ಟೀ ಹೊತ್ತಿಗೆ ಕಾರ್ಖಾನೆಗೆ ಹೋದೆ. ಎಲ್ಲರೂ ಲೋಟ ಹಿಡಿದು ಬೆಂಚುಗಳ ನಡುವೆ ನಿಂತಿದ್ದರು. ಸೂಪರ್‌ವೈಸರ್ ನನ್ನನ್ನು ನೋಡಿ ಏನು ಎಂಬಂತೆ ಹುಬ್ಬು ಎತ್ತಿದರು. ನಾನು ನನ್ನ ಬೆಂಚಿನ ಮುಂದೆ ನಿಂತೆ.

"ಸ್ಪ್ರಿಂಗು ತಗೊಂಡು ಹೋಗಿದ್ದು ನಾನು," ಎಂದೆ. "ಅವಳಲ್ಲ. ಹಾಳು ಮಾಡಿ, ಬಚ್ಚಿಟ್ಟು, ಊಟದ ಡಬ್ಬೀಲಿ ಮನೆಗೆ ಸಾಗಿಸಿದೆ. ಅವಳ ಬ್ಯಾಗ್ ಸುರಿಯೋವಾಗ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ."

ಒಬ್ಬರು ಲೋಟ ಕೆಳಗಿಟ್ಟ ಸದ್ದಾಯಿತು. ಸೂಪರ್‌ವೈಸರ್ ಮುಖ ಕಪ್ಪಿಟ್ಟು ಕ್ಯಾಬಿನ್ನಿಗೆ ನಡೆದರು. ಮಾಲೀಕರು ಕರೆಸಿ ಎರಡು ದಿನ ತಮ್ಮ ಕೋಣೆಯ ಹೊರಗೆ ನಿಲ್ಲಿಸಿದರು. ಕೊನೆಗೆ ಕೆಲಸದಿಂದ ತೆಗೆಯಲಿಲ್ಲ. ಪರ್ಮನೆಂಟ್ ಪಟ್ಟಿಯಿಂದ ನನ್ನ ಹೆಸರು ಹೊಡೆದು, ಪ್ಯಾಕಿಂಗಿಗೆ 'ಟೆಂಪರರಿ' ಎಂದು ಬರೆದರು. ಹೇರ್ ಸ್ಪ್ರಿಂಗ್ ಬೆಂಚಿಗೆ ನಾನು ಮತ್ತೆ ಕೂರಲಿಲ್ಲ.

ಗುರುವಾರ ನಾನು ಅದೇ ಕೋಣೆಯ ಮೂಲೆಯಲ್ಲಿ ಮೀಟರುಗಳನ್ನು ಹುಲ್ಲು ಹಾಸಿದ ಪೆಟ್ಟಿಗೆಗೆ ಜೋಡಿಸುತ್ತಿದ್ದಾಗ ಬ್ಯಾಡರಹಳ್ಳಿಯವಳು ಬಂದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಹೆಂಗಸರಲ್ಲಿ ಹಿರಿಯರೊಬ್ಬರು ಎದ್ದು ಹೋಗಿ, "ಬಾಮ್ಮ, ತಪ್ಪಾಯ್ತು," ಎಂದು ಅವಳ ಕೈಯಿಂದ ಬ್ಯಾಗ್ ತೆಗೆದುಕೊಂಡು ಗೂಟಕ್ಕೆ ನೇತುಹಾಕಿದರು. ಅವಳು ನನ್ನ ಕಡೆ ನೋಡಲಿಲ್ಲ. ತನ್ನ ಸ್ಟೂಲಿನ ಮೇಲೆ ಕೂತು, ಖಾಲಿಯಿದ್ದ ನನ್ನ ಬೆಂಚಿನಿಂದ ಕಾಯಿಲುಗಳ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕಣ್ಣಿಗೆ ಐಗ್ಲಾಸ್ ಹಾಕಿಕೊಂಡು, ಉಸಿರು ಹಿಡಿದಳು.